ಮಾನವ ಭೂಗೋಳದ ಪರಿಭಾಷೆ: ಕೆಲವು ಆಕ್ಷೇಪಗಳು

ಶಾಸ್ತ್ರಗಳಿಗೆ ಕನ್ನಡದಲ್ಲಿ ಪಾರಿಭಾಷಿಕ ಶಬ್ದಗಳನ್ನು ಒದಗಿಸುವ ಪ್ರಯತ್ನ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದರ ಗುಣದೋಷಗಳ ಚರ್ಚೆಯೂ ಕಡಮೆಯಾಗಿಲ್ಲ. ಆದರೆ ಆ ಚರ್ಚೆ ಬಹುಮಟ್ಟಿಗೆ, ಪದಗಳು ಸಂಸ್ಕೃತದಿಂದ ಬರಬೇಕೇ, ದೇಶ್ಯವಾಗಿರಬೇಕೇ, ಇಂಗ್ಲಿಷಿನ ಮಾತನ್ನೇ ಇಟ್ಟುಕೊಳ್ಳಬಹುದೇ ಎಂಬಷ್ಟಕ್ಕೆ ನಿಂತುಬಿಡುತ್ತದೆ. ಪದ ಎಲ್ಲಿಂದ ಬಂತೆಂಬುದಕ್ಕಿಂತ ಅದು ತನ್ನೊಡನೆ ಏನನ್ನು ಕಟ್ಟಿಕೊಂಡು ಬಂತೆಂಬುದು ಕೆಲವು ಶಾಸ್ತ್ರಗಳಲ್ಲಿ ಹೆಚ್ಚು ಮುಖ್ಯವಾಗುತ್ತದೆ. ಮಾನವ ಭೂಗೋಳವು ಅಂಥ ಶಾಸ್ತ್ರ.

ಆಮ್ಲಜನಕ ಎಂಬ ಶಬ್ದವನ್ನು ನೋಡಬಹುದು. ಆಮ್ಲವನ್ನು ಹುಟ್ಟಿಸುವುದು ಎಂಬುದು ಅದರ ಅರ್ಥ. ಆಮ್ಲಗಳೆಲ್ಲಕ್ಕೂ ಈ ಅನಿಲವೇ ಮೂಲವೆಂದು ಲವ್ವಾಸಿಯೇ ತಪ್ಪಾಗಿ ಊಹಿಸಿದ್ದನು. ಆ ತಪ್ಪು ಫ್ರೆಂಚಿನ ಹೆಸರಿನಲ್ಲಿ ಸೇರಿ, ಅಲ್ಲಿಂದ ಕನ್ನಡಕ್ಕೂ ಬಂತು. ಆದರೂ ಇದರಿಂದ ಯಾರಿಗೂ ಹಾನಿಯಾಗಿಲ್ಲ, ಏಕೆಂದರೆ ಅನಿಲಕ್ಕೆ ತನ್ನ ಹೆಸರಿನ ಪರಿವೆಯಿಲ್ಲ. ನಾಡು, ಊರು, ಗಡಿ, ವಲಸೆ ಎಂಬುವು ಹಾಗಲ್ಲ. ಇವು ಶಾಸ್ತ್ರಕಾರ ಬರುವುದಕ್ಕೆ ಮೊದಲೇ ಜನ ಹೆಸರಿಟ್ಟು ಬಾಳಿದ ಸಂಗತಿಗಳು. ಇಲ್ಲಿ ಹೆಸರು ವಸ್ತುವಿನ ಒಂದು ಭಾಗವೇ ಆಗಿದೆ. ಆದುದರಿಂದ ಇಂಗ್ಲಿಷಿನ ಒಂದು ಮಾತಿಗೆ ಪ್ರತಿಯಾಗಿ ಕನ್ನಡದ ಒಂದು ಮಾತನ್ನು ಜೋಡಿಸಿ ಪಟ್ಟಿ ಮುಗಿಸುವ ಕ್ರಮ ಈ ಶಾಸ್ತ್ರದಲ್ಲಿ ಅನರ್ಥಕ್ಕೆ ಎಡೆಗೊಡುತ್ತದೆ ಎಂಬುದೇ ಪ್ರಸ್ತುತ ಲೇಖನದ ಮುಖ್ಯ ಆಕ್ಷೇಪ.

ಮೊದಲಿಗೆ ಒಂದು ಸಣ್ಣ ಉದಾಹರಣೆ. ಮನುಷ್ಯರು ಒಂದೆಡೆ ನಿಂತು ಕಟ್ಟಿಕೊಂಡ ಹಳ್ಳಿ, ಪೇಟೆ, ಪಟ್ಟಣಗಳಿಗೆಲ್ಲ ಸಾಧಾರಣವಾದ ಹೆಸರೊಂದು ಭೂಗೋಳಕ್ಕೆ ಅವಶ್ಯಕ. ಇಂಗ್ಲಿಷಿನ ಸೆಟ್ಲ್‌ಮೆಂಟ್ ಎಂಬುದಕ್ಕೆ ನಮ್ಮಲ್ಲಿ ವಸಾಹತು ಎಂದು ಬರೆಯುವವರು ಉಂಟು. ಮರಾಠಿಯ ವಸಾಹತ್ ಎಂಬ ಮಾತಿಗೆ ಜನವಸತಿ ಎಂಬ ನಿರುಪದ್ರವಿಯಾದ ಅರ್ಥ ಇಂದಿಗೂ ಜೀವಂತವಾಗಿದೆ. ಪೋಲೀಸರ ವಸಾಹತ್ ಎಂಬ ಹಲಗೆಯನ್ನು ಮುಂಬಯಿಯಲ್ಲಿ ವಾಸಿಸುವ ನಾವೆಲ್ಲರೂ ಕಂಡಿದ್ದೇವೆ. ಕನ್ನಡದಲ್ಲಿಯೂ ಕೈಗಾರಿಕಾ ವಸಾಹತು ಎಂಬಲ್ಲಿ ಅದೇ ಅರ್ಥ ಉಳಿದಿದೆ. ಆದರೆ ವಸಾಹತುಶಾಹಿ ಎಂಬ ಮಾತು ಬಳಕೆಗೆ ಬಂದು ಬೇರೂರಿದ ಮೇಲೆ ಈ ಶಬ್ದದ ಬಣ್ಣವೇ ಬೇರೆಯಾಯಿತು. ತುಂಗಭದ್ರಾ ತೀರದ ಪ್ರಾಚೀನ ವಸಾಹತುಗಳು ಎಂದು ಓದಿದೊಡನೆ, ಅಲ್ಲಿಗೆ ಯಾರು ದಂಡೆತ್ತಿ ಬಂದರು ಎಂದು ವಿದ್ಯಾರ್ಥಿ ಕೇಳಿದರೆ ಅದು ಅವನ ತಪ್ಪಲ್ಲ. ನೆಲೆ ಎಂಬ ಕನ್ನಡದ ಮಾತು ಕೈಯಳತೆಯಲ್ಲಿಯೇ ಇದೆ. ಅದಕ್ಕೆ ನೆಲಸು, ನೆಲೆಗೊಳ್ಳು, ನೆಲೆತಪ್ಪು ಎಂಬ ಬಳಗವೂ ಉಂಟು. ಶಾಸ್ತ್ರದ ಮಾತಿಗೆ ಇಂಥ ಬಳಗವಿರುವುದು ದೊಡ್ಡ ಅನುಕೂಲ.

ಶಾಸ್ತ್ರದ ಮೊದಲನೆಯ ದೊಡ್ಡ ವಿವಾದಕ್ಕೆ ಬರೋಣ. ಜರ್ಮನಿಯ ಫ್ರೀಡ್ರಿಖ್ ರಾಟ್ಸೆಲ್ ೧೮೮೨ ಮತ್ತು ೧೮೯೧ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ ಗ್ರಂಥದಿಂದ ಮಾನವ ಭೂಗೋಳಕ್ಕೆ ಒಂದು ಸ್ವತಂತ್ರ ಸ್ಥಾನ ದೊರೆಯಿತು. ಆತನ ವಿಚಾರಗಳನ್ನು ಅಮೆರಿಕದ ಎಲೆನ್ ಸೆಂಪಲ್ ೧೯೧೧ರ ತಮ್ಮ ಗ್ರಂಥದಲ್ಲಿ ಇಂಗ್ಲಿಷ್ ವಾಚಕರಿಗೆ ಮುಟ್ಟಿಸಿದರು. ಮುಟ್ಟಿಸುವಾಗ ಇನ್ನಷ್ಟು ಬಿಗಿಗೊಳಿಸಿದರು ಎಂದೂ ಹೇಳಬೇಕು. ಬೆಟ್ಟ, ಕಡಲು, ಮರುಭೂಮಿ, ಹವೆ ಇವು ಮನುಷ್ಯನ ಸ್ವಭಾವವನ್ನೂ ಸಂಸ್ಥೆಗಳನ್ನೂ ಗೊತ್ತುಪಡಿಸುತ್ತವೆ ಎಂಬುದು ಈ ಪಕ್ಷ. ಇದಕ್ಕೆ ಪ್ರತಿಯಾಗಿ ಫ್ರಾನ್ಸಿನ ವಿದಾಲ್ ದ ಲಾ ಬ್ಲಾಶ್ ಮತ್ತು ಆತನ ಶಿಷ್ಯವರ್ಗದವರು, ನಿಸರ್ಗವು ಅವಕಾಶಗಳನ್ನು ಮುಂದಿಡುತ್ತದೆ, ಆರಿಸಿಕೊಳ್ಳುವವನು ಮನುಷ್ಯ ಎಂದರು. ಈ ಪಕ್ಷವನ್ನು ವಾದರೂಪವಾಗಿ ಖಚಿತಗೊಳಿಸಿದವನು ಇತಿಹಾಸಕಾರನಾದ ಲ್ಯೂಸಿಯೆಂ ಫೆವ್ರ್, ೧೯೨೨ರ ತನ್ನ ಗ್ರಂಥದಲ್ಲಿ. ವಿದಾಲ್ ಅದಕ್ಕೆ ನಾಲ್ಕು ವರ್ಷ ಮೊದಲೇ ತೀರಿಕೊಂಡಿದ್ದನು.

ಮೊದಲನೆಯ ಪಕ್ಷಕ್ಕೆ ಕನ್ನಡದಲ್ಲಿ ನಿಯತಿವಾದ ಎಂಬ ಹೆಸರು ಓಡಾಡುತ್ತಿದೆ. ಇದು ಮೆಚ್ಚತಕ್ಕ ಶಬ್ದವಲ್ಲ. ಭಾರತೀಯ ದರ್ಶನಗಳಲ್ಲಿ ನಿಯತಿಗೆ ಆಜೀವಕರ ಕಾಲದಿಂದ ಬಂದ ಒಂದು ನಿಶ್ಚಿತ ಅರ್ಥವಿದೆ. ಜನಸಾಮಾನ್ಯರ ಕಿವಿಗೆ ಅದು ಹಣೆಬರಹವೆಂದೇ ಕೇಳಿಸುತ್ತದೆ. ಸೆಂಪಲ್ ಅವರ ದೋಷಗಳು ಅನೇಕ, ಆದರೆ ಅವರು ಹಣೆಬರಹವನ್ನು ನಂಬಿದವರಲ್ಲ. ಕಾರ್ಯಕಾರಣಗಳನ್ನು ತೀರ ಸುಲಭವಾಗಿ ಜೋಡಿಸಿದವರು, ಅಷ್ಟೆ. ಪರಿಸರ ನಿರ್ಣಯವಾದ ಎಂದರೆ ಆಕ್ಷೇಪಿಸಬೇಕಾದದ್ದನ್ನು ಸರಿಯಾಗಿ ಆಕ್ಷೇಪಿಸಲು ಸಾಧ್ಯವಾಗುತ್ತದೆ. ವಿದಾಲನ ಮತ್ತೊಂದು ಪ್ರಮುಖ ಪರಿಕಲ್ಪನೆಯಾದ ಝಾನ್ರ್ ದ ವೀ ಎಂಬುದನ್ನು ಜೀವನಶೈಲಿ ಎಂದು ತಿರುಗಿಸುವುದು ಇನ್ನೂ ಅಪಾಯಕರ. ಜೀವನಶೈಲಿಯೆಂದರೆ ಇಂದು ವೈದ್ಯರು ರಕ್ತದೊತ್ತಡದ ರೋಗಿಗೆ ಬದಲಿಸಿಕೊಳ್ಳೆಂದು ಹೇಳುವ ವಸ್ತು. ಒಂದು ಜನಸಮುದಾಯ ತನ್ನ ನೆಲದೊಡನೆ ಹೂಡಿಕೊಂಡ ದುಡಿಮೆ, ಉಣಿಸು, ಉಪಕರಣ, ಕಟ್ಟಳೆಗಳ ಒಟ್ಟು ಹೆಣಿಗೆಯನ್ನು ವಿದಾಲ್ ಉದ್ದೇಶಿಸಿದ್ದನು. ಧಾರವಾಡದ ಕಡೆ ಬದುಕು ಎಂದರೆ ಜೀವವೂ ಹೌದು, ಕೆಲಸವೂ ಹೌದು, ಆಸ್ತಿಪಾಸ್ತಿಯೂ ಹೌದು. ಹೊಲಮನೆ ಬದುಕು ಎನ್ನುವ ರೈತನಿಗೆ ವಿದಾಲನನ್ನು ವಿವರಿಸಿ ಹೇಳಬೇಕಾಗಿಲ್ಲ.

ರಾಟ್ಸೆಲ್ಲನ ವಿಷಯವನ್ನು ಬಿಡುವ ಮುನ್ನ ಒಂದು ಮಾತು. ಜೀವಿಯೊಂದಕ್ಕೆ ಬಾಳಲು ಬೇಕಾದ ವಿಸ್ತಾರ ಎಂಬರ್ಥದಲ್ಲಿ ೧೯೦೧ರಲ್ಲಿ ಆತ ವಿವರಿಸಿದ ಲೇಬೆನ್ಸ್‌ರೌಮ್ ಎಂಬ ಶಬ್ದ ಮುಂದೆ ನಾಟ್ಸಿಗಳ ಕೈಗೆ ಸಿಕ್ಕಿ, ಪೂರ್ವ ಯೂರೋಪಿನ ಜನರನ್ನು ಅವರ ನೆಲದಿಂದ ಕಿತ್ತುಹಾಕುವುದಕ್ಕೆ ಸಮರ್ಥನೆಯಾಯಿತು. ಪರಿಭಾಷೆಯ ಚರ್ಚೆ ಕೇವಲ ಪಂಡಿತರ ವಿನೋದವೆಂದು ಭಾವಿಸುವವರು ಈ ಒಂದು ಶಬ್ದದ ಚರಿತ್ರೆಯನ್ನು ನೋಡಬಹುದು.

ಭೂದೃಶ್ಯ ಎಂಬುದರ ಮೇಲೆ ನನ್ನ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಅಮೆರಿಕದ ಬರ್ಕ್ಲಿಯಲ್ಲಿದ್ದ ಕಾರ್ಲ್ ಸೌವರ್ ೧೯೨೫ರಲ್ಲಿ ಪ್ರಕಟಿಸಿದ ಲ್ಯಾಂಡ್‌ಸ್ಕೇಪಿನ ಸ್ವರೂಪವಿಚಾರ ಈ ಶಾಸ್ತ್ರದ ಆಧಾರಲೇಖನಗಳಲ್ಲಿ ಒಂದು. ಆತನ ಮನಸ್ಸಿನಲ್ಲಿದ್ದುದು ಜರ್ಮನ್ ಭಾಷೆಯ ಲಾಂಡ್‌ಶಾಫ್ಟ್. ಎಂದರೆ, ನಿಸರ್ಗ ಕೊಟ್ಟ ನೆಲದ ಮೇಲೆ ಒಂದು ಸಂಸ್ಕೃತಿ ಕಾಲಾಂತರದಲ್ಲಿ ಕೆಲಸ ಮಾಡಿ ರೂಪಿಸಿದ ಭೂಭಾಗ. ಇಂಗ್ಲಿಷಿನ ಮಾತಾದರೋ ಡಚ್ ಚಿತ್ರಕಾರರ ಮೂಲಕ ಬಂದುದರಿಂದ ಅದಕ್ಕೆ ಚಿತ್ರದ ಚೌಕಟ್ಟು ಅಂಟಿಕೊಂಡಿತ್ತು. ನಾವು ಆ ಚೌಕಟ್ಟನ್ನಷ್ಟೇ ಅನುವಾದಿಸಿ ಭೂದೃಶ್ಯ ಎಂದೆವು. ಭೂದೃಶ್ಯದಲ್ಲಿ ನೋಡುವವನಿದ್ದಾನೆ, ಮಾಡಿದವನು ಕಾಣುವುದಿಲ್ಲ.

ಮಾಡಿದವನನ್ನು ಒಳಗೊಂಡ ಮಾತುಗಳು ಕನ್ನಡದಲ್ಲಿ ಇಲ್ಲವೆಂದೇನೂ ಅಲ್ಲ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಅಡಕೆ ಬೆಳೆಗಾರ ನಮ್ಮ ಬೆಟ್ಟ ಎಂದರೆ ಅದು ಎತ್ತರವಾದ ಗುಡ್ಡವೆಂದು ತಿಳಿಯತಕ್ಕದ್ದಲ್ಲ. ಅದು ಸೊಪ್ಪಿನ ಬೆಟ್ಟ. ತೋಟದ ಗೊಬ್ಬರಕ್ಕೆ ಸೊಪ್ಪು, ದರಕು ತರುವುದಕ್ಕಾಗಿ ಆ ತೋಟಕ್ಕೆ ಸೇರಿಸಿ ಬಿಟ್ಟ ಕಾಡಿನ ಭಾಗ. ನೂರಾರು ವರ್ಷ ಕೊಂಬೆ ಸವರಿಸಿಕೊಂಡು ಅಲ್ಲಿಯ ಮರಗಳ ಆಕಾರವೇ ಬೇರೆಯಾಗಿದೆ. ಹೊರಗಿನಿಂದ ಬಂದವನು ಅಲ್ಲಿ ನಿಂತು ಕಾಡಿನ ದೃಶ್ಯವನ್ನು ಕಾಣುತ್ತಾನೆ. ಒಳಗಿನವನು ಕೆಳಗಿನ ಕಣಿವೆಯ ತೋಟವನ್ನೂ ಮೇಲಿನ ಬೆಟ್ಟವನ್ನೂ ಒಂದೇ ವಸ್ತುವಿನ ಎರಡು ಭಾಗಗಳಾಗಿ ಕಾಣುತ್ತಾನೆ. ದಕ್ಷಿಣ ಕನ್ನಡದ ಕುಮ್ಕಿ ನೆಲವೂ ಇದೇ ಬಗೆಯದು. ವರ್ಗದ ಭೂಮಿಗೆ ತಗುಲಿಕೊಂಡಿರುವ, ಸರ್ಕಾರಕ್ಕೆ ಸೇರಿದ, ಆದರೆ ಸೊಪ್ಪುಸೌದೆಗಾಗಿ ಬೇಸಾಯಗಾರ ಅನುಭವಿಸುವ ನೆಲ ಅದು. ಸಹಾಯ ಎಂಬರ್ಥದ ಪಾರಸಿ ಮಾತಿನಿಂದ ಬಂದ ಹೆಸರು. ನಾವು ಕುಮ್ಮಕ್ಕು ಕೊಡುವುದೂ ಅಲ್ಲಿಂದಲೇ. ಬಯಲುಸೀಮೆಯ ಕೆರೆಯನ್ನು ತೆಗೆದುಕೊಂಡರೆ ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ನಾಲ್ಕು ಮಾತುಗಳಲ್ಲಿ ಇಡಿಯ ನೆಲದ ರಚನೆ ಬಂದುಬಿಡುತ್ತದೆ. ಒಂದು ಕೆರೆಯ ನೀರು ಹಾಯುವಷ್ಟು ಗದ್ದೆಬಯಲಿಗೆ ಅಚ್ಚುಕಟ್ಟು ಎಂಬ ಹೆಸರಿದೆ. ಅದೇ ಮಾತು ಕ್ರಮಬದ್ಧತೆಗೂ ಹೆಸರಾಗಿದೆ. ಸೌವರನಿಗೆ ಬೇಕಾಗಿದ್ದುದು ಇಂಥ ಸಂಗತಿಗಳೇ.

ಹಾಗೆಂದು ಭೂದೃಶ್ಯ ಎಂಬ ಶಬ್ದವನ್ನು ಪೂರ್ತಿ ಕೈಬಿಡಬೇಕೆಂದು ನಾನು ಹೇಳಲಾರೆ. ೧೯೮೪ರಲ್ಲಿ ಡೆನಿಸ್ ಕಾಸ್‌ಗ್ರೋವ್ ಪ್ರಕಟಿಸಿದ ಗ್ರಂಥದ ವಾದವೇ ಇದು: ಲ್ಯಾಂಡ್‌ಸ್ಕೇಪ್ ಎಂಬುದು ನೋಡುವ ಒಂದು ಬಗೆ, ನೆಲವನ್ನು ದೂರದಿಂದ, ಒಡೆಯನ ಕಣ್ಣಿನಿಂದ, ದುಡಿಯುವವನನ್ನು ಚಿತ್ರದ ಅಂಚಿಗೆ ಸರಿಸಿ ನೋಡುವ ಬಗೆ. ಆ ವಿಮರ್ಶೆಯನ್ನು ಕನ್ನಡದಲ್ಲಿ ಮಂಡಿಸುವಾಗ ಭೂದೃಶ್ಯವೇ ತಕ್ಕ ಶಬ್ದ. ಇಂಗ್ಲಿಷಿನಲ್ಲಿ ಒಂದೇ ಮಾತು ಎರಡು ಪರಸ್ಪರ ವಿರುದ್ಧವಾದ ಪರಿಕಲ್ಪನೆಗಳನ್ನು ಹೊತ್ತಿರುವಾಗ ನಾವೂ ಒಂದೇ ಮಾತಿಗೆ ಕಟ್ಟುಬೀಳಬೇಕಾದ ಅಗತ್ಯವೇನಿದೆ? ಸೌವರನ ಅರ್ಥಕ್ಕೆ ನೆಲಕಟ್ಟು ಎನ್ನಬಹುದೆಂದು ನನಗೆ ತೋರುತ್ತದೆ. ಇದಕ್ಕಿಂತ ಉತ್ತಮವಾದದ್ದನ್ನು ಬಲ್ಲವರು ಸೂಚಿಸಲಿ.

ಪ್ರದೇಶ ಎಂಬ ಶಬ್ದದ ಅವಸ್ಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಒಂದು ಮಾತಿಗೆ ಎರಡು ಅರ್ಥ. ಇಲ್ಲಿ ಇಂಗ್ಲಿಷಿನ ರೀಜನ್, ಏರಿಯಾ, ಟೆರಿಟರಿ ಎಂಬ ಮೂರು ಬೇರೆ ಬೇರೆ ಪರಿಕಲ್ಪನೆಗಳಿಗೆ ಕನ್ನಡದ ಒಂದೇ ಶಬ್ದ. ಗುಡ್ಡಗಾಡು ಪ್ರದೇಶ, ನಿಷೇಧಿತ ಪ್ರದೇಶ, ಕೇಂದ್ರಾಡಳಿತ ಪ್ರದೇಶ, ಉತ್ತರ ಪ್ರದೇಶ ಎಲ್ಲವೂ ಪ್ರದೇಶವೇ. ವಿಸ್ತೀರ್ಣ ಮಾತ್ರವಿರುವ ನೆಲ, ಗುಣಸಾಮ್ಯದಿಂದ ಒಂದಾದ ನೆಲ, ಅಧಿಕಾರದಿಂದ ಬೇಲಿ ಹಾಕಿದ ನೆಲ ಇವುಗಳನ್ನು ಬೇರ್ಪಡಿಸಲಾರದ ಭಾಷೆಯಲ್ಲಿ ಪ್ರಾದೇಶಿಕ ಅಸಮತೋಲನದ ಚರ್ಚೆ ಹೇಗೆ ನೇರವಾಗಿ ನಡೆಯಬೇಕು? ಡಿ. ಎಂ. ನಂಜುಂಡಪ್ಪ ಸಮಿತಿ ೨೦೦೨ರ ವರದಿಯಲ್ಲಿ ಜಿಲ್ಲೆಯನ್ನು ಬಿಟ್ಟು ತಾಲೂಕನ್ನು ಮಾನವಾಗಿ ಹಿಡಿದು, ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದಿವೆ ಎಂದು ತೋರಿಸಿತು. ಅತ್ಯಂತ ಹಿಂದುಳಿದ ೩೯ ತಾಲೂಕುಗಳಲ್ಲಿ ಹೆಚ್ಚಿನವು ಉತ್ತರದಲ್ಲಿದ್ದರೂ ದಕ್ಷಿಣದ ಕೆಲವೂ ಆ ಪಟ್ಟಿಯಲ್ಲಿ ಸೇರಿದುವು. ಅಳತೆಯ ಘಟಕ ಬದಲಾದೊಡನೆ ಪ್ರದೇಶದ ಚಿತ್ರವೂ ಬದಲಾಯಿತು. ಆದರೂ ಉತ್ತರ, ದಕ್ಷಿಣ ಎಂಬ ಎರಡೇ ಮಾತುಗಳಲ್ಲಿ ವಾದ ಮುಂದುವರಿಯಿತು.

ಕನ್ನಡಕ್ಕೆ ಈ ವಿವೇಕ ಹಿಂದೆ ಇತ್ತೆಂಬುದಕ್ಕೆ ಕವಿರಾಜಮಾರ್ಗವೇ ಸಾಕ್ಷಿ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ಆ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಅದರೊಳಗೆ ಕಿಸುವೊಳಲು, ಕೊಪ್ಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಬೇರೆಯಾಗಿ ಎತ್ತಿ ತೋರಿಸುತ್ತದೆ. ಏಕೀಕರಣದ ಚಳವಳಿಯಲ್ಲಿ ನಾವು ಮೊದಲನೆಯ ಮಾತನ್ನು ಎಲ್ಲೆಯ ಹಕ್ಕುಪತ್ರವಾಗಿ ಓದಿದೆವು. ಆ ಕಾಲಕ್ಕೆ ಅದು ಬೇಕಾಗಿತ್ತು. ಆದರೆ ಶ್ರೀವಿಜಯನ ಪ್ರಯೋಜನ ಕಾವ್ಯಪ್ರಯೋಗ. ಆತ ಗೆರೆಯನ್ನು ಎಳೆಯುವುದಕ್ಕಿಂತ ಹೆಚ್ಚಾಗಿ ಸಾಂದ್ರತೆಯ ತರತಮವನ್ನು ಹೇಳುತ್ತಿದ್ದಾನೆ. ಅಮೆರಿಕದ ಮಾರ್ಮನ್ ಪಂಥದವರ ಸಾಂಸ್ಕೃತಿಕ ವಲಯವನ್ನು ಕುರಿತು ಡಿ. ಡಬ್ಲ್ಯು. ಮೈನಿಗ್ ೧೯೬೫ರಲ್ಲಿ ಬರೆದಾಗ ಅದನ್ನು ತಿರುಳು, ವ್ಯಾಪ್ತಿ, ಪ್ರಭಾವವಲಯ ಎಂಬ ಮೂರು ಪದರಗಳಾಗಿ ವಿಂಗಡಿಸಿದರು. ಎರಡೂ ಒಂದೇ ಎಂದು ಹೇಳಿ ನಮ್ಮ ಪೂರ್ವಿಕರಿಗೆ ಇಲ್ಲದ ಕಿರೀಟವನ್ನು ತೊಡಿಸುವ ಇಚ್ಛೆ ನನಗಿಲ್ಲ. ನಾಡು ಎಂಬುದಕ್ಕೆ ನಡುವಿರುತ್ತದೆ, ಅಂಚಿನತ್ತ ಅದು ತೆಳುವಾಗುತ್ತ ಹೋಗುತ್ತದೆ ಎಂಬ ಅರಿವು ಪ್ರದೇಶ ಎಂಬ ಶಬ್ದದಲ್ಲಿ ಇಲ್ಲ, ನಾಡು ಎಂಬುದರಲ್ಲಿದೆ ಎಂಬಷ್ಟೇ ನನ್ನ ಮಾತು.

ಸೀಮೆ ಎಂಬ ಶಬ್ದದ ನಡೆ ಇನ್ನೂ ವಿಚಿತ್ರವಾದದ್ದು. ಸಂಸ್ಕೃತದಲ್ಲಿ ಅದು ಎಲ್ಲೆ. ಕನ್ನಡಕ್ಕೆ ಬಂದು ಎಲ್ಲೆಯ ಒಳಗಿನ ನೆಲವೇ ಆಯಿತು: ಬಯಲುಸೀಮೆ, ಮೈಸೂರು ಸೀಮೆ. ಮುಂದೆ ಎಲ್ಲೆಯಾಚೆಯಿಂದ ಬಂದುದಕ್ಕೆಲ್ಲ ಅದೇ ವಿಶೇಷಣವಾಯಿತು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಗೆರೆ, ಒಳಗು, ಹೊರಗು ಮೂರನ್ನೂ ಒಂದೇ ಮಾತು ಹೊತ್ತಿದೆ. ಗಡಿಯ ಶಾಸ್ತ್ರವನ್ನು ಕಲಿಸುವವರಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ದೊರಕದು. ಕ್ರಿಸ್ಟಾಲರನು ೧೯೩೩ರಲ್ಲಿ ದಕ್ಷಿಣ ಜರ್ಮನಿಯನ್ನು ಕುರಿತು ಮಂಡಿಸಿದ ಕೇಂದ್ರಸ್ಥಳಗಳ ಸಿದ್ಧಾಂತಕ್ಕೂ ನಮ್ಮ ಸಂತೆ, ಕಸಬೆ, ಪೇಟೆಗಳಿಗೂ ಸಂಬಂಧ ಕಲ್ಪಿಸಬಹುದು. ಅದು ಬೇರೆಯೇ ಒಂದು ಲೇಖನದ ವಿಷಯ.

ಇಲ್ಲಿಯವರೆಗೆ ದೇಶ್ಯ ಶಬ್ದಗಳ ಪಕ್ಷ ವಹಿಸಿ ಬರೆದಂತಾಯಿತು. ಆ ಪಕ್ಷಕ್ಕೂ ಒಂದು ಮಿತಿಯಿದೆ ಎಂಬುದು ಊರು ಎಂಬ ಮಾತಿನಲ್ಲಿ ಕಾಣುತ್ತದೆ.

ಯೀ-ಫೂ ತುವಾನ್ ೧೯೭೭ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಸ್ಪೇಸ್ ಮತ್ತು ಪ್ಲೇಸ್ ಎಂಬ ಎರಡನ್ನು ಎದುರುಬದುರಾಗಿಟ್ಟು ವಿಚಾರಿಸಿದರು. ಬರಿಯ ವಿಸ್ತಾರವಾಗಿದ್ದುದು ಅನುಭವದಿಂದ, ಪರಿಚಯದಿಂದ, ಮೌಲ್ಯದಿಂದ ತುಂಬಿದಾಗ ಎರಡನೆಯದಾಗುತ್ತದೆ ಎಂಬುದು ಸ್ಥೂಲವಾಗಿ ಅವರ ಅಭಿಪ್ರಾಯ. ಅದಕ್ಕೆ ಒಂದು ವರ್ಷ ಮೊದಲು ಎಡ್ವರ್ಡ್ ರೆಲ್ಫ್, ಎಲ್ಲೆಡೆಯೂ ಒಂದೇ ತೆರನಾಗಿ ಕಾಣುವ ಆಧುನಿಕ ಕಟ್ಟಡ ರಸ್ತೆಗಳಿಂದ ಈ ಗುಣ ಅಳಿಯುತ್ತಿರುವುದನ್ನು ಚರ್ಚಿಸಿದ್ದರು. ಪ್ಲೇಸ್ ಎಂಬುದಕ್ಕೆ ಸ್ಥಳ ಎಂದರೆ ಅದರಲ್ಲಿ ಅನುಭವದ ತೇವವೇ ಇಲ್ಲ; ಸ್ಥಳ ಪರಿಶೀಲನೆ, ಘಟನಾ ಸ್ಥಳ ಎಂಬ ಕಚೇರಿಯ ಒಣಕಲು ಅದಕ್ಕೆ ಅಂಟಿದೆ. ಆದ್ದರಿಂದ ಊರು ಎನ್ನೋಣ ಎಂದು ಯಾರಿಗಾದರೂ ತೋಚುವುದು ಸಹಜ. ಮುಂಬಯಿಯಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ಇಲ್ಲಿಯೇ ಉದ್ಯೋಗದಲ್ಲಿರುವವರನ್ನು ಇನ್ನೊಬ್ಬ ಕನ್ನಡಿಗರು ನಿಮ್ಮ ಊರು ಯಾವುದು ಎಂದು ಕೇಳಿದರೆ ಅವರು ಅಂಧೇರಿಯೆಂದಾಗಲಿ ಡೊಂಬಿವಲಿಯೆಂದಾಗಲಿ ಹೇಳುವುದಿಲ್ಲ. ತಮ್ಮ ಅಜ್ಜ ಬಿಟ್ಟುಬಂದ ಕಾರ್ಕಳದ ಅಥವಾ ಕುಂದಾಪುರದ ಬಳಿಯ ಗ್ರಾಮದ ಹೆಸರನ್ನು ಹೇಳುತ್ತಾರೆ. ತಮಿಳಿನ ಊರ್ ಎಂಬ ಶಬ್ದವನ್ನು ಕುರಿತು ಇ. ವ್ಯಾಲೆಂಟೈನ್ ಡೇನಿಯಲ್ ೧೯೮೪ರಲ್ಲಿ ಮಾಡಿದ ವಿಚಾರವೂ ಇದನ್ನು ಪುಷ್ಟೀಕರಿಸುತ್ತದೆ: ಊರು ಕಂದಾಯ ಗ್ರಾಮದಂತೆ ಗೆರೆಯಿಂದ ನಿಶ್ಚಿತವಾದುದಲ್ಲ, ಮಾತಾಡುವ ವ್ಯಕ್ತಿಯನ್ನು ಕೇಂದ್ರವಾಗಿಟ್ಟುಕೊಂಡು ಅರ್ಥವಾಗುವಂಥದು.

ಆದರೆ ಈ ಊರು ಯಾರದು? ಕನ್ನಡದ ಹಳ್ಳಿಗಳಲ್ಲಿ ಊರು ಮತ್ತು ಕೇರಿ ಎಂಬ ಎರಡು ಮಾತುಗಳಿವೆ. ಊರಿಗೆ ಬರಬೇಡ, ಊರ ಬಾವಿ ಮುಟ್ಟಬೇಡ ಎಂದು ಹೇಳಿಸಿಕೊಂಡವರು ಅದೇ ಗ್ರಾಮದವರೇ, ಆದರೆ ಕೇರಿಯವರು. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ಊರುಕೇರಿ ಎಂದು ಜೋಡುಹೆಸರನ್ನಿಟ್ಟದ್ದು ಇದನ್ನು ಅರಿತೇ. ಹೀಗಿರಲು ತುವಾನರ ಪರಿಕಲ್ಪನೆಗೆ ಊರು ಎಂಬ ಮಾತನ್ನು ಯೋಚಿಸದೆ ಅಂಟಿಸಿದರೆ, ಒಲವು ಪರಿಚಯಗಳ ಹೆಸರಿನಲ್ಲಿ ಈ ಹೊರಗಿಡುವಿಕೆಯನ್ನೂ ಶಾಸ್ತ್ರದೊಳಕ್ಕೆ ಬರಮಾಡಿಕೊಂಡಂತಾಗುತ್ತದೆ. ವಿಶ್ವಸಂಸ್ಥೆಯ ವರದಿಗಳ ಕನ್ನಡಕ್ಕಿಂತ ಹಳ್ಳಿಯ ಕನ್ನಡ ಶುದ್ಧವೆಂದು ಭ್ರಮಿಸುವವರಿಗೆ ಈ ಮಾತು ಕಹಿಯಾಗಬಹುದು. ಊರು ಬೇಡವೆಂದು ನಾನು ಹೇಳುವುದಿಲ್ಲ. ಪದಕೋಶದಲ್ಲಿ ಊರಿನ ಪಕ್ಕದಲ್ಲಿ ಕೇರಿಯೂ ಇರಲಿ, ಒಂದನ್ನು ಬಿಟ್ಟು ಇನ್ನೊಂದನ್ನು ವಿವರಿಸಲಾಗದೆಂಬ ಟಿಪ್ಪಣಿಯೂ ಇರಲಿ. ಡೊರೀನ್ ಮ್ಯಾಸಿ ೧೯೯೧ರಲ್ಲಿ ತಾವು ವಾಸಿಸುತ್ತಿದ್ದ ಲಂಡನ್ನಿನ ಕಿಲ್ಬರ್ನ್ ಬೀದಿಯನ್ನು ಎತ್ತಿಕೊಂಡು, ಸ್ಥಳವೆಂಬುದು ಬೇಲಿಯೊಳಗಿನ ವಸ್ತುವಲ್ಲ, ದೂರದೂರದಿಂದ ಬಂದ ದಾರಿಗಳು ಕೂಡುವ ಗಂಟು ಎಂದು ವಾದಿಸಿದರು. ನಮ್ಮ ಮಾಟುಂಗದ ಒಂದು ಬೀದಿಯನ್ನು ಹೀಗೆಯೇ ವರ್ಣಿಸಬಹುದು. ಊರು ಎಂಬ ಮಾತಿಗೆ ಈ ಅರ್ಥವನ್ನು ಒಗ್ಗಿಸಲಾದೀತೇ ಎಂಬುದು ಮಾತ್ರ ನನಗೆ ಸಂದೇಹ.

ಕೊನೆಯದಾಗಿ ವಲಸೆ. ಈ ಪತ್ರಿಕೆಯ ವಾಚಕರಿಗೆ ಇದು ಕೇವಲ ಶಾಸ್ತ್ರವಿಷಯವಲ್ಲವಾದುದರಿಂದ ಸ್ವಲ್ಪ ವಿಸ್ತರಿಸುವುದು ಉಚಿತ.

ಕನ್ನಡ ತೆಲುಗುಗಳೆರಡರಲ್ಲಿಯೂ ಈ ಶಬ್ದದ ಹಳೆಯ ಅರ್ಥ, ಶತ್ರುಸೈನ್ಯದ ಭಯದಿಂದ ಮನೆಮಠ ಬಿಟ್ಟು ಓಡುವುದು. ಮೈಗ್ರೇಷನ್ ಎಂಬುದಕ್ಕೆ ಅದನ್ನು ಸಮಾನಪದವಾಗಿ ತೆಗೆದುಕೊಂಡಾಗ ಓಡಿಬಂದವನ ದೈನ್ಯ ಅದರೊಡನೆ ಉಳಿದುಕೊಂಡಿತು. ಸಾಮಾನ್ಯ ಜನರ ಮಾತಿನಲ್ಲಿ ಈ ಸಂಗತಿಗೆ ಒಂದೇ ಹೆಸರಿಲ್ಲ. ಮಳೆ ಹೋದ ವರ್ಷ ರಾಯಚೂರು, ಕೊಪ್ಪಳದ ಕಡೆಯ ಕುಟುಂಬಗಳು ಕೆಲಸ ಹುಡುಕಿಕೊಂಡು ಹೋಗಿ ಮತ್ತೆ ಮಳೆಗಾಲಕ್ಕೆ ಮರಳುವುದು ಗುಳೆ. ಕರಾವಳಿಯವರು ಕಾಫಿ ತೋಟದ ಕೆಲಸಕ್ಕೆ ಹೋಗುವುದು ಘಟ್ಟ ಹತ್ತುವುದು. ಹೋಟೆಲಿನ ಕೆಲಸಕ್ಕೆ ಹುಡುಗ ಹೊರಟರೆ ಬೊಂಬಾಯಿಗೆ ಹೋದ ಎಂದಷ್ಟೇ ಹೇಳುತ್ತಿದ್ದರು. ಆ ಮೂರು ಮಾತಿನಲ್ಲಿ ಎಲ್ಲವೂ ಅಡಗಿತ್ತು. ಹೋಗಿ ನಿಲ್ಲುವುದಕ್ಕೂ ಹೋಗಿ ಬರುವುದಕ್ಕೂ ಇರುವ ಅಂತರವನ್ನು ಭೂಗೋಳಶಾಸ್ತ್ರಜ್ಞರು ತಡವಾಗಿ ಗುರುತಿಸಿದರು. ೨೦೦೭-೦೮ರ ರಾಷ್ಟ್ರೀಯ ಮಾದರಿ ಸಮೀಕ್ಷೆ, ಕೆಲಸಕ್ಕಾಗಿ ಒಂದು ತಿಂಗಳಿಗೆ ಕಡಮೆಯಿಲ್ಲದೆ, ಆರು ತಿಂಗಳು ತುಂಬದೆ ಹೊರಗಿದ್ದು ಬಂದವರನ್ನು ಅಲ್ಪಾವಧಿಯ ವಲಸಿಗರೆಂದು ಬೇರೆ ಪಟ್ಟಿಮಾಡಿತು. ಗುಳೆ ಎಂಬ ಎರಡಕ್ಷರದ ಮಾತು ಇರುವಾಗ ಕನ್ನಡದ ವರದಿಗಾರರು ಆ ಉದ್ದನೆಯ ಹೆಸರನ್ನು ಬರೆಯುತ್ತಾರೆ.

ವಲಸಿಗ ಯಾರು ಎಂಬುದನ್ನು ಯಾವ ಪ್ರಶ್ನೆ ನಿಶ್ಚಯಿಸುತ್ತದೆ ಎಂಬುದನ್ನೂ ನೋಡಬೇಕು. ರಾವೆನ್‌ಸ್ಟೈನ್ ೧೮೮೫ರಲ್ಲಿ ವಲಸೆಯ ನಿಯಮಗಳನ್ನು ಮಂಡಿಸಿದಾಗ ಆತನಿಗೆ ಸಾಮಗ್ರಿಯಾಗಿದ್ದುದು ಬ್ರಿಟನ್ನಿನ ೧೮೮೧ರ ಜನಗಣತಿಯ ಜನ್ಮಸ್ಥಳದ ಪಟ್ಟಿಗಳು. ಹುಟ್ಟಿದ ಕಡೆ ಇಲ್ಲದವನು ವಲಸಿಗ. ನಮ್ಮ ಗಣತಿಗಳಲ್ಲಿಯೂ ಬಹುಕಾಲ ಇದೇ ಕ್ರಮವಿತ್ತು. ೧೯೬೧ರಲ್ಲಿ ಜನ್ಮಸ್ಥಳ ಹಳ್ಳಿಯೋ ಪಟ್ಟಣವೋ, ಈಗಿರುವ ಕಡೆ ಬಂದು ಎಷ್ಟು ಕಾಲವಾಯಿತು ಎಂಬುದನ್ನು ಸೇರಿಸಿದರು. ೧೯೭೧ರಲ್ಲಿ ಹಿಂದಿನ ವಾಸಸ್ಥಳವನ್ನು, ೧೯೮೧ರಲ್ಲಿ ಬಂದ ಕಾರಣವನ್ನು ಕೇಳಿದರು. ಇಂಗ್ಲೆಂಡಿನಲ್ಲಿ ಸರಿಯಾಗಿ ನಡೆದ ಈ ಲೆಕ್ಕ ನಮ್ಮಲ್ಲಿ ಎಡವಿದ್ದು ಬಾಣಂತನದಲ್ಲಿ. ಮುಂಬಯಿಯಲ್ಲಿ ಸಂಸಾರ ಹೂಡಿದ ಹೆಣ್ಣುಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುತ್ತಾಳೆ. ಮೂರು ತಿಂಗಳೋ ಐದು ತಿಂಗಳೋ ಕಳೆದು ಕೂಸಿನೊಡನೆ ತನ್ನ ಮನೆಗೆ ಮರಳುತ್ತಾಳೆ. ಗಣತಿಯ ಕಾಗದದಲ್ಲಿ ಆ ತೊಟ್ಟಿಲ ಕೂಸು ಅಂತರರಾಜ್ಯ ವಲಸಿಗ. ೨೦೦೧ರಲ್ಲಿ ಕಾರಣಗಳ ಪಟ್ಟಿಗೆ ಹುಟ್ಟಿದ ಬಳಿಕ ಬಂದದ್ದು ಎಂಬುದನ್ನು ಸೇರಿಸಿ ಈ ತೊಡಕನ್ನು ಬಿಡಿಸಲು ಯತ್ನಿಸಲಾಯಿತು. ಕಾರಣ ತಿಳಿಯುವಂತಾಯಿತು, ಹೆಸರು ಮಾತ್ರ ವಲಸೆಯೇ. ಮದುವೆಯಾಗಿ ಪಕ್ಕದ ಹಳ್ಳಿಗೆ ಹೋದ ಹೆಂಗಸೂ ಅದೇ ಪಟ್ಟಿಯಲ್ಲಿದ್ದಾಳೆ. ಭಾರತದ ವಲಸಿಗ ಸ್ತ್ರೀಯರಲ್ಲಿ ಬಹುಭಾಗ ಇಂಥವರೇ.

ಮನುಷ್ಯ ಕದಲದೆ ಇದ್ದಲ್ಲೇ ಇದ್ದು ಬೇರೆ ಬಗೆಯ ವಲಸಿಗನಾಗುವುದೂ ಉಂಟು. ಬೆಳಗಾವಿ, ಧಾರವಾಡ, ವಿಜಾಪುರ ಹಾಗೂ ೧೮೬೨ರಿಂದೀಚೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದುವು. ೧೯೫೧ರ ಗಣತಿಯಲ್ಲಿ ಧಾರವಾಡದಿಂದ ಮುಂಬಯಿಗೆ ಬಂದ ಗುಮಾಸ್ತ ಅದೇ ರಾಜ್ಯದ ಇನ್ನೊಂದು ಜಿಲ್ಲೆಯವನು. ಮಂಗಳೂರಿನಿಂದ ಬಂದವನು ಮದರಾಸು ರಾಜ್ಯದವನು. ೧೯೫೬ರ ನವೆಂಬರ್ ೧ರಂದು ಧಾರವಾಡದ ಗುಮಾಸ್ತ ತನ್ನ ಖೋಲಿಯಿಂದ ಹೊರಗೆ ಕಾಲಿಡದೆಯೇ ಹೊರರಾಜ್ಯದವನಾದ. ಕನ್ನಡ ನಾಡು ಒಂದಾದ ಆ ಶುಭದಿನವೇ ಅವನನ್ನು ಹೊರನಾಡ ಕನ್ನಡಿಗನನ್ನಾಗಿಸಿತು. ಏಕೀಕರಣವನ್ನು ಹೃತ್ಪೂರ್ವಕ ಬಯಸಿದವರಲ್ಲಿ ಅವನೂ ಒಬ್ಬನಿದ್ದಿರಬಹುದೆಂಬುದನ್ನು ಮರೆಯಬಾರದು. ಅವನು ಬಿಟ್ಟುಬಂದ ಜಿಲ್ಲೆಗಳಿಗೆ ಮಾತ್ರ ಮುಂಬಯಿ ಕರ್ನಾಟಕ ಎಂಬ ಹಳೆಯ ಆಡಳಿತದ ಹೆಸರೇ ಅಂಟಿಕೊಂಡಿತ್ತು; ೨೦೨೧ರಲ್ಲಿ ಅದನ್ನು ಕಿತ್ತೂರು ಕರ್ನಾಟಕವೆಂದು ಬದಲಾಯಿಸಲಾಯಿತು.

ಹೊರನಾಡು ಎಂಬ ನಮ್ಮ ಪ್ರಿಯವಾದ ಮಾತನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ನಾಡು ಮೊದಲು ಇದ್ದು, ಅದರಿಂದ ನಾವು ಹೊರಗೆ ಬಿದ್ದೆವು ಎಂಬ ಭಾವ ಅದರಲ್ಲಿದೆ. ಕೊಂಕಣ ರೈಲುಮಾರ್ಗ ೧೯೯೮ರಲ್ಲಿ ಪೂರ್ಣವಾಗಿ ತೆರೆದ ಮೇಲೆ ರಾತ್ರಿ ಮುಂಬಯಿಯಲ್ಲಿ ಹತ್ತಿ ಮರುದಿನ ಉಡುಪಿಯಲ್ಲಿ ಇಳಿಯುವುದು ಸಾಮಾನ್ಯವಾಯಿತು. ಕನ್ನಡದಲ್ಲಿ ದೂರಕ್ಕೆ ಗಾವುದ, ಹರದಾರಿಗಳಿರುವಂತೆ ಕೂಗಳತೆ ಎಂಬ ಅಳತೆಯೂ ಉಂಟು, ಅಂದರೆ ಕೂಗಿದರೆ ಕೇಳಿಸುವಷ್ಟು. ಉಡುಪಿಯ ಮನೆಯೊಂದಕ್ಕೆ ಬೆಂಗಳೂರಿಗಿಂತ ಮುಂಬಯಿಯೇ ಬಹುಕಾಲ ಕೂಗಳತೆಯಲ್ಲಿತ್ತು. ಹಣ, ಕಾಗದ, ಮದುವೆಯ ಸಂಬಂಧ, ಯಕ್ಷಗಾನ ಮೇಳ ಎಲ್ಲವೂ ಆ ದಾರಿಯಲ್ಲಿ ಓಡಾಡಿದುವು. ಹೀಗಿರುವಲ್ಲಿ ಒಳಗು ಯಾವುದು, ಹೊರಗು ಯಾವುದು? ರಾಜ್ಯದ ಗೆರೆಯನ್ನು ನಾಡಿನ ಗೆರೆಯೆಂದು ಭಾವಿಸಿದಾಗ ಮಾತ್ರ ಹೊರನಾಡು ಎಂಬ ಮಾತಿಗೆ ಅರ್ಥವಿದೆ. ಶ್ರೀವಿಜಯನ ತರತಮದ ನಾಡನ್ನು ಒಪ್ಪುವವರು ಅದನ್ನು ಸುಲಭವಾಗಿ ಒಪ್ಪಲಾರರು.

ಆದುದರಿಂದ ಮುಂದೆ ಈ ಶಾಸ್ತ್ರಕ್ಕೆ ಪದಕೋಶವನ್ನು ರಚಿಸುವವರು, ಇಂಗ್ಲಿಷ್ ಮಾತನ್ನು ಎಡಕ್ಕೂ ಕನ್ನಡದ ಮಾತನ್ನು ಬಲಕ್ಕೂ ಬರೆಯುವ ಪದ್ಧತಿಯನ್ನು ಬಿಟ್ಟು, ಪ್ರತಿಯೊಂದು ನಮೂದಿನ ಕೆಳಗೆ ಆ ಮಾತು ಯಾವ ಸೀಮೆಯಲ್ಲಿ, ಯಾರ ಬಾಯಲ್ಲಿ, ಯಾರನ್ನು ಕುರಿತು ಬಳಕೆಯಾಗುತ್ತದೆ ಎಂಬುದನ್ನು ದಾಖಲಿಸುವುದು ಅವಶ್ಯಕ. ಮುಂಬಯಿಯ ಕನ್ನಡ ಕುಟುಂಬಗಳಲ್ಲಿಯೇ ಈ ಸಂಗ್ರಹಕಾರ್ಯ ಬಹಳಷ್ಟು ಬಾಕಿಯಿದೆ. ಇಲ್ಲಿ ಹುಟ್ಟಿದ ಮೂರನೆಯ ತಲೆಮಾರಿನವರನ್ನು ತೆಗೆದುಕೊಳ್ಳಿ. ಗಣತಿಯ ಪ್ರಕಾರ ಅವರು ವಲಸಿಗರೇ ಅಲ್ಲ. ನಮ್ಮ ಸಂಘಗಳ ಸದಸ್ಯತ್ವದ ಪುಸ್ತಕದಲ್ಲಿ ಅವರು ಹೊರನಾಡ ಕನ್ನಡಿಗರು. ರಜೆಗೆಂದು ಊರಿಗೆ ಹೋದಾಗ ಅಲ್ಲಿಯ ನೆರೆಹೊರೆಯವರು ಅವರನ್ನು ಬೊಂಬಾಯಿಯವರು ಎನ್ನುತ್ತಾರೆ. ಅವರು ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆ ಎಂಬುದು ಯಾವ ಕೋಶದಲ್ಲಿಯೂ ಇನ್ನೂ ಸೇರಿಲ್ಲ.